ನೊಗದ ಜೋಡಿ: ಲಿವರ್ ಕ್ಯಾನ್ಸರಿಗೆ ಪ್ರತಿಕಾಯ ಮತ್ತು ಔಷಧಗಳ ಕೂಡುಚಿಕಿತ್ಸೆ



ವರ್ಷಕ್ಕೊಂದು ವೈದ್ಯಕೀಯ ವಿಷಯವನ್ನು ಕನ್ನಡದಲ್ಲೇ ಹೇಳಿಸಬೇಕು ಎಂಬುದು ಈ ಉಪನ್ಯಾಸದ ದತ್ತಿಯ ಕರಾರು. ನಾವು ವೈದ್ಯರು ಓದುವುದೂ ಬರೆಯುವುದೂ ಇಂಗ್ಲಿಷಿನಲ್ಲಿ. ಆದರೆ ರೋಗಿಯ ಎದುರು ಕುಳಿತು ‘ನಿಮಗೆ ಹೀಗಾಗಿದೆ’ ಎಂದು ಹೇಳಬೇಕಾದ ಗಳಿಗೆಯಲ್ಲಿ ನಮ್ಮ ನೆರವಿಗೆ ಬರುವುದು ಕನ್ನಡವೇ. ಪಠ್ಯಪುಸ್ತಕಗಳು ಯಕೃತ್ತು ಎನ್ನುತ್ತವೆ, ಪಿತ್ತಜನಕಾಂಗ ಎನ್ನುತ್ತವೆ. ನನ್ನ ರೋಗಿಗಳು ಲಿವರ್ ಎನ್ನುತ್ತಾರೆ, ಇವತ್ತು ನಾನೂ ಹಾಗೇ ಕರೆಯುತ್ತೇನೆ. ರೋಗಾಣುವನ್ನೋ ಬೇರೊಂದು ವಸ್ತುವನ್ನೋ ಗುರುತು ಹಿಡಿದು ಅಂಟಿಕೊಳ್ಳಲು ನಮ್ಮ ದೇಹವೇ ತಯಾರಿಸುವ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಎಂಬ ಒಳ್ಳೆಯ ಹೆಸರಿದೆ, ಅದನ್ನು ಬಳಸುತ್ತೇನೆ.

2010ರ ಬೇಸಿಗೆಯಲ್ಲಿ ಪಾವಗಡದ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ತಮ್ಮನ ಜೊತೆ ನನ್ನಲ್ಲಿಗೆ ಬಂದರು. ಐವತ್ತು ದಾಟಿದ ವಯಸ್ಸು. ಕುಡಿತವಿಲ್ಲ, ಬೀಡಿಯಿಲ್ಲ. ಬಲಪಕ್ಕೆಯ ಕೆಳಗೆ ಭಾರವೆನಿಸುತ್ತದೆ, ಊಟ ಸೇರುವುದಿಲ್ಲ ಎಂದರು. ಹೆಪಟೈಟಿಸ್ ಬಿ ವೈರಸ್ಸು ಅವರಿಗೆ ತಿಳಿಯದಂತೆ ಎಷ್ಟೋ ವರ್ಷಗಳಿಂದ ಲಿವರಿನಲ್ಲಿ ಬೀಡುಬಿಟ್ಟಿತ್ತು. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಅದು ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒಳಕ್ಕೂ ಹಬ್ಬಿತ್ತು. ಆಪರೇಷನ್ನಿಗೆ ದಾರಿಯಿರಲಿಲ್ಲ. ಆಗ ನಮ್ಮ ಕೈಯಲ್ಲಿದ್ದದ್ದು ಸೊರಾಫೆನಿಬ್ ಎಂಬ ಒಂದೇ ಮಾತ್ರೆ. ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದರು, ಹೇಳಿದೆ. ಚೀಟಿಯ ಹಿಂದೆ ಆ ಮೊತ್ತವನ್ನು ಬರೆದುಕೊಂಡರು, ಅದರ ಕೆಳಗೆ ತಮ್ಮ ಸಂಬಳ ಬರೆದರು. ಆಮೇಲೆ ತಲೆ ಎತ್ತಿ, ‘ಸಾರ್, ಇದನ್ನ ತಗಂಡ್ರೆ ಎಷ್ಟು ದಿನ ಹೆಚ್ಗೆ ಸಿಗ್ತದೆ?’ ಎಂದರು.

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. 2008ರಲ್ಲಿ ಪ್ರಕಟವಾದ ‘ಶಾರ್ಪ್’ ಎಂಬ ಅಧ್ಯಯನದಲ್ಲಿ 602 ರೋಗಿಗಳಿದ್ದರು. ಮಾತ್ರೆ ತೆಗೆದುಕೊಂಡವರ ಆಯುಷ್ಯದ ಮಧ್ಯಾಂಕ 10.7 ತಿಂಗಳು, ಹುಸಿಮಾತ್ರೆ ತೆಗೆದುಕೊಂಡವರದು 7.9 ತಿಂಗಳು. ಮಧ್ಯಾಂಕವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧದಷ್ಟು ಜನ ಅಷ್ಟು ಬದುಕಲಿಲ್ಲ. ಮೇಷ್ಟ್ರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಏಷ್ಯಾದ ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದ ಅಂಕಿಗಳು ಇನ್ನೂ ಸಣ್ಣವು, 6.5 ತಿಂಗಳು ಮತ್ತು 4.2 ತಿಂಗಳು. ಮೇಷ್ಟ್ರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅವರು ಮಾತ್ರೆ ಶುರುಮಾಡಲಿಲ್ಲ.

ಅವರು ಹೋಗಿ ಹತ್ತು ವರ್ಷದ ಮೇಲೆ ಇದೇ ಕಾಯಿಲೆಯ ಚಿಕಿತ್ಸೆ ಬೇರೆಯೇ ದಿಕ್ಕಿಗೆ ತಿರುಗಿತು. ಅದು ಹೇಗೆ ತಿರುಗಿತು, ಯಾಕೆ ಕೆಲವು ಜೋಡಿಗಳು ಗೆದ್ದವು, ಬೇರೆ ಕೆಲವು ಸೋತವು ಎಂಬುದೇ ಇವತ್ತಿನ ಮಾತು.

ಮೊದಲು ಕಾಯಿಲೆಯ ಸ್ವಭಾವ. 2022ರ ಜಾಗತಿಕ ಅಂದಾಜಿನಲ್ಲಿ ಸುಮಾರು 8.66 ಲಕ್ಷ ಹೊಸ ಲಿವರ್ ಕ್ಯಾನ್ಸರುಗಳಿವೆ, 7.58 ಲಕ್ಷ ಸಾವುಗಳಿವೆ. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದೇ ಕಾಯಿಲೆಯ ಕ್ರೌರ್ಯವನ್ನು ಹೇಳುತ್ತದೆ. ಲಿವರ್ ಕ್ಯಾನ್ಸರಿನ ರೋಗಿಗೆ ಸಾಮಾನ್ಯವಾಗಿ ಇರುವುದು ಒಂದು ಕಾಯಿಲೆಯಲ್ಲ, ಎರಡು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಕೊಬ್ಬಿನ ಲಿವರ್, ಇವುಗಳಲ್ಲಿ ಯಾವುದೋ ಒಂದು ವರ್ಷಗಟ್ಟಲೆ ಕೆರೆದು ಕೆರೆದು ಲಿವರನ್ನು ಗಾಯದ ಕಲೆಯಂತೆ ಗಟ್ಟಿಮಾಡಿರುತ್ತದೆ. ಇದು ಸಿರೋಸಿಸ್. ಆ ಗಟ್ಟಿ ನೆಲದಲ್ಲಿ ಎರಡನೆಯದಾಗಿ ಗಡ್ಡೆ ಹುಟ್ಟುತ್ತದೆ. ಗಡ್ಡೆಯನ್ನು ಕೊಲ್ಲಲು ಹೋಗಿ ಉಳಿದ ಲಿವರನ್ನು ದಣಿಸಿದರೆ ರೋಗಿ ಕ್ಯಾನ್ಸರಿನಿಂದ ಸಾಯುವುದಿಲ್ಲ, ಕಾಮಾಲೆಯಿಂದ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಿಂದ ಸಾಯುತ್ತಾನೆ. ಸ್ತನದ, ರಕ್ತದ ಕ್ಯಾನ್ಸರುಗಳಲ್ಲಿ ಅಷ್ಟು ಉಪಕಾರ ಮಾಡಿದ ಕಿಮೋಥೆರಪಿ ಇಲ್ಲಿ ಹೆಚ್ಚು ನಡೆಯದಿರುವುದಕ್ಕೆ ಇದೂ ಒಂದು ಕಾರಣ. ಯಾವ ಔಷಧ ಕೊಡುವ ಮೊದಲೂ ನಾವು ‘ಚೈಲ್ಡ್-ಪ್ಯೂ’ ಎಂಬ ಅಂಕ ಹಾಕುತ್ತೇವೆ. ರಕ್ತದ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಳೆ, ಹೊಟ್ಟೆಯ ನೀರು, ಮನಸ್ಸಿನ ಮಂಕು, ಈ ಐದನ್ನು ಕೂಡಿಸಿ ಉಳಿದ ಲಿವರಿನ ಶಕ್ತಿ ಎಷ್ಟಿದೆ ಎಂದು ಅಳೆಯುವ ಲೆಕ್ಕ ಅದು. ನಾನು ಮುಂದೆ ಹೇಳುವ ಗೆಲುವುಗಳೆಲ್ಲ ಹೆಚ್ಚುಕಡಿಮೆ ಆ ಅಂಕದ ‘ಎ’ ವರ್ಗದವರು, ಅಂದರೆ ಲಿವರ್ ಇನ್ನೂ ಕೆಲಸ ಮಾಡುತ್ತಿರುವವರು, ಕಂಡ ಗೆಲುವುಗಳು. ದಯವಿಟ್ಟು ಇದನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳಿ.

ಸೊರಾಫೆನಿಬ್ ಬಂದ ಮೇಲಿನ ಹತ್ತು ವರ್ಷ ನಮ್ಮ ಪಾಲಿಗೆ ಬರಗಾಲ. ಸುನಿಟಿನಿಬ್, ಬ್ರಿವಾನಿಬ್, ಲಿನಿಫಾನಿಬ್ ಎಂಬ ಮಾತ್ರೆಗಳು ಒಂದರ ಹಿಂದೊಂದು ಬಂದವು, ಒಂದೂ ಸೊರಾಫೆನಿಬ್ಬನ್ನು ಮೀರಲಿಲ್ಲ. ಜೋಡಿ ಕಟ್ಟುವ ಪ್ರಯತ್ನಗಳೂ ನಡೆದವು. ಸೊರಾಫೆನಿಬ್ ಜೊತೆ ಎರ್ಲೊಟಿನಿಬ್ ಎಂಬ ಮಾತ್ರೆ ಸೇರಿಸಿದರು, ಪ್ರಯೋಜನವಾಗಲಿಲ್ಲ. ಡಾಕ್ಸೊರುಬಿಸಿನ್ ಎಂಬ ಕಿಮೋಥೆರಪಿ ಔಷಧ ಸೇರಿಸಿದರು, ವಿಷ ಹೆಚ್ಚಿತು, ಆಯುಷ್ಯ ಹೆಚ್ಚಲಿಲ್ಲ. ಎರಡು ಔಷಧ ಒಂದಕ್ಕಿಂತ ಮೇಲು ಎಂಬುದು ಕೇಳಲು ಸರಳವಾದ ಮಾತು. ಲಿವರ್ ಕ್ಯಾನ್ಸರ್ ಅದನ್ನು ಮತ್ತೆ ಮತ್ತೆ ಸುಳ್ಳು ಮಾಡಿತು. 2018ರಲ್ಲಿ ಲೆನ್ವಾಟಿನಿಬ್ ಎಂಬ ಮಾತ್ರೆ ಬಂದು 954 ರೋಗಿಗಳ ಅಧ್ಯಯನದಲ್ಲಿ ಸೊರಾಫೆನಿಬ್ಬಿಗೆ ಸಮನಾಗಿ ನಿಂತಿತು, 13.6 ತಿಂಗಳು ಮತ್ತು 12.3 ತಿಂಗಳು. ಆ ಹೊತ್ತಿಗೆ ಅದೇ ದೊಡ್ಡ ಸುದ್ದಿ.

ಇನ್ನೊಂದು ಕಡೆಯಿಂದ ಬರುತ್ತಿದ್ದ ದಾರಿಯನ್ನು ನೋಡಲು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಬೇಕು. 1969ರಲ್ಲಿ ಅಲ್ಲಿನ ಶಸ್ತ್ರವೈದ್ಯ ರಾಯ್ ಕಾಲ್ನ್ ಮತ್ತು ಸಂಗಡಿಗರು ಒಂದು ಹಂದಿಯ ಲಿವರನ್ನು ಸಂಬಂಧವಿಲ್ಲದ ಇನ್ನೊಂದು ಹಂದಿಗೆ ಜೋಡಿಸಿದರು. ಮೂತ್ರಪಿಂಡವಾಗಿದ್ದರೆ ಕೆಲವೇ ದಿನಗಳಲ್ಲಿ ದೇಹ ಅದನ್ನು ತಿರಸ್ಕರಿಸುತ್ತಿತ್ತು. ಎಷ್ಟೋ ಹಂದಿಗಳು ಲಿವರನ್ನು ಯಾವ ಔಷಧದ ಸಹಾಯವೂ ಇಲ್ಲದೆ ಒಪ್ಪಿಕೊಂಡವು. ಅಷ್ಟೇ ಅಲ್ಲ, ಲಿವರ್ ಕೊಟ್ಟ ಅದೇ ಹಂದಿಯ ಮೂತ್ರಪಿಂಡವನ್ನೂ ಆಮೇಲೆ ಸಹಿಸಿದವು. ಲಿವರ್ ಸ್ವಭಾವತಃ ಕ್ಷಮಾಗುಣದ ಅಂಗ. ಅದಕ್ಕೆ ಕಾರಣವೂ ಇದೆ. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ನಾವು ತಿಂದ ಅನ್ನ, ಮುದ್ದೆ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು, ಎಲ್ಲವೂ ಮೊದಲು ಬಂದು ತಲುಪುವುದು ಅಲ್ಲಿಗೆ. ದಿನವೂ ಬರುವ ಇಷ್ಟು ಪರಕೀಯ ವಸ್ತುಗಳ ಮೇಲೆಲ್ಲ ರೋಗನಿರೋಧಕ ಕೋಶಗಳು ಎಗರಿಬಿದ್ದರೆ ಲಿವರ್ ಒಂದು ವಾರ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿ ಕೋಪವನ್ನು ತಣಿಸುವ ಏರ್ಪಾಡು ಹುಟ್ಟಿನಿಂದಲೇ ಇದೆ. ಕ್ಯಾನ್ಸರ್ ಆ ಏರ್ಪಾಡಿನ ಮರೆಯಲ್ಲಿ ಬೆಳೆಯುತ್ತದೆ.

ಆ ಏರ್ಪಾಡಿನ ಒಂದು ಮುಖ್ಯ ಭಾಗ ಟಿ ಕೋಶಗಳೆಂಬ ನಮ್ಮ ರೋಗನಿರೋಧಕ ಕೋಶಗಳ ಮೇಲಿರುವ ಪಿಡಿ-1 ಎಂಬ ಬ್ರೇಕು. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಾಸುಕು ಹೊಂಜೊ ಅವರ ಪ್ರಯೋಗಾಲಯ ಇದನ್ನು ಗುರುತಿಸಿತು. ಕ್ಯಾನ್ಸರ್ ಕೋಶವಾಗಲಿ ಸುತ್ತಲಿನ ಕೋಶಗಳಾಗಲಿ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು ಆ ಬ್ರೇಕನ್ನು ಅದುಮಿದರೆ ಟಿ ಕೋಶ ಶತ್ರುವಿನ ಮುಂದೆಯೇ ಕೈಕಟ್ಟಿ ನಿಲ್ಲುತ್ತದೆ. ಅಮೆರಿಕದಲ್ಲಿ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದರು. ಬ್ರೇಕು ಬೀಳದಂತೆ ನಡುವೆ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳು ಔಷಧಗಳಾದವು. 2018ರ ನೊಬೆಲ್ ಇಬ್ಬರಿಗೂ ಸಂದಿತು. ಒಂದೇ ಗುರಿಗೆ ಅಂಟುವ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಅದೇ ಕೇಂಬ್ರಿಡ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದಿದ್ದರು. ಆ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಜಗತ್ತು ಅದನ್ನು ಹಂಗಿಲ್ಲದೆ ಬಳಸಿತು. 

ಬ್ರೇಕು ತೆಗೆಯುವ ನಿವೊಲುಮಾಬ್ ಎಂಬ ಪ್ರತಿಕಾಯವನ್ನು ಲಿವರ್ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟಾಗ ಆರೇಳರಲ್ಲಿ ಒಬ್ಬರ ಗಡ್ಡೆ ಕುಗ್ಗಿತು. ಸೊರಾಫೆನಿಬ್ಬಿನಲ್ಲಿ ನೂರಕ್ಕೆ ಇಬ್ಬರ ಗಡ್ಡೆ ಕುಗ್ಗಿದ್ದನ್ನು ಕಂಡಿದ್ದ ನಮಗೆ ಅದು ಹಬ್ಬದಂತಿತ್ತು. ಆದರೆ ಸೊರಾಫೆನಿಬ್ಬಿಗೆ ಎದುರುಬದುರಾಗಿ ನಿಲ್ಲಿಸಿದ ದೊಡ್ಡ ಅಧ್ಯಯನದಲ್ಲಿ 16.4 ತಿಂಗಳು, 14.7 ತಿಂಗಳು ಎಂಬ ಫಲಿತಾಂಶ ಬಂತು. ಆ ಅಂತರ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ಸಾಬೀತಾಗಲಿಲ್ಲ. ಕೆಲವರಿಗೆ ಅದ್ಭುತ, ಬಹುಪಾಲು ಜನರಿಗೆ ಏನೂ ಇಲ್ಲ. ಬ್ರೇಕು ತೆಗೆದರೂ ಟಿ ಕೋಶ ಯಾಕೆ ಗಡ್ಡೆಯನ್ನು ತಲುಪುತ್ತಿಲ್ಲ? ನಿಜವಾದ ಪ್ರಶ್ನೆ ಅಲ್ಲಿ ಹುಟ್ಟಿತು.

ಉತ್ತರ ರಕ್ತನಾಳಗಳ ಕಥೆಯಲ್ಲಿತ್ತು. ಗಡ್ಡೆಗೆ ಬೆಳೆಯಲು ರಕ್ತ ಬೇಕು, ಅದು ಹೊಸ ರಕ್ತನಾಳಗಳನ್ನು ತನ್ನತ್ತ ಕರೆಸಿಕೊಳ್ಳುತ್ತದೆ ಎಂದು 1971ರಲ್ಲೇ ಬಾಸ್ಟನ್ನಿನ ಮಕ್ಕಳ ಶಸ್ತ್ರವೈದ್ಯ ಜುಡಾ ಫೋಕ್‌ಮನ್ ಬರೆದರು. ಎಷ್ಟೋ ವರ್ಷ ಹೆಚ್ಚಿನವರು ನಂಬಲಿಲ್ಲ. 1989ರಲ್ಲಿ ನೆಪೋಲಿಯೋನೆ ಫೆರಾರಾ ಆ ಕರೆ ಕಳಿಸುವ ವಸ್ತುವನ್ನು ಬೇರ್ಪಡಿಸಿದರು. ಅದರ ಹೆಸರು ವಿಇಜಿಎಫ್. ಅದನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯ ಬೆವಾಸಿಝುಮಾಬ್ 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ರಕ್ತ ಕಡಿದರೆ ಗಡ್ಡೆ ಹಸಿದು ಸಾಯುತ್ತದೆ ಎಂಬುದು ಮೊದಲ ಎಣಿಕೆ.

ಇದಕ್ಕೆ ಬೇರೆಯೇ ಓದು ಕೊಟ್ಟವರು ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಹಾರ್ವರ್ಡಿನಲ್ಲಿ ನೆಲೆಸಿದ ರಾಕೇಶ್ ಜೈನ್. ನೀರು, ಒತ್ತಡ, ಕೊಳವೆಗಳ ಲೆಕ್ಕ ಬಲ್ಲವರ ಕಣ್ಣಿಗೆ ಗಡ್ಡೆಯ ರಕ್ತನಾಳಗಳು ಬೇರೆಯಾಗಿ ಕಂಡವು. ಅವು ಕಟ್ಟು ಕಳೆದುಕೊಂಡ ಕಾಲುವೆಗಳಂತೆ. ಎಲ್ಲೆಂದರಲ್ಲಿ ಒಡೆದಿವೆ, ಸೋರುತ್ತವೆ, ಹೊರಗೆ ಒತ್ತಡ ಏರಿ ಒಳಗೆ ಹರಿವೇ ನಿಂತಿದೆ. ಇಂಥ ಕಾಲುವೆಯಿಂದ ತಾಕಿನ ತುದಿಗೆ ನೀರು ತಲುಪುವುದಿಲ್ಲ ಎಂಬುದು ನಾಲೆ ಬಯಲಿನ ರೈತರಿಗೆ ಗೊತ್ತಿರುವ ಮಾತು. ವಿಇಜಿಎಫ್ ತಡೆಯುವ ಔಷಧವನ್ನು ಹದವಾಗಿ ಕೊಟ್ಟರೆ ನಾಳಗಳು ಸ್ವಲ್ಪ ಕಾಲ ದುರಸ್ತಿಯಾಗುತ್ತವೆ, ಔಷಧವೂ ರೋಗನಿರೋಧಕ ಕೋಶಗಳೂ ಗಡ್ಡೆಯ ಒಳಹೊಗುತ್ತವೆ ಎಂದು ಅವರು ವಾದಿಸಿದರು. ಇದರ ಜೊತೆಗೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ವಿಇಜಿಎಫ್ ಬರೀ ರಕ್ತನಾಳದ ಕರೆಯಲ್ಲ. ಟಿ ಕೋಶಗಳಿಗೆ ಶತ್ರುವಿನ ಗುರುತು ತೋರಿಸಿಕೊಡುವ ಡೆಂಡ್ರಿಟಿಕ್ ಕೋಶಗಳು ಪಕ್ವವಾಗದಂತೆ ಅದು ತಡೆಯುತ್ತದೆ. ಕಾಳಗ ನಿಲ್ಲಿಸುವ ಜಾತಿಯ ಕೋಶಗಳನ್ನು ಗಡ್ಡೆಯಲ್ಲಿ ಹೆಚ್ಚಿಸುತ್ತದೆ. ಅಂದರೆ ಬೆವಾಸಿಝುಮಾಬ್ ಕೊಟ್ಟಾಗ ನಾವು ದಾರಿ ತೆರೆಯುವುದಷ್ಟೇ ಅಲ್ಲ, ಗುರುತು ಹೇಳುವವರ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚುತ್ತೇವೆ. ಬ್ರೇಕು ತೆಗೆಯುವ ಪ್ರತಿಕಾಯಕ್ಕೆ ಬೇಕಿದ್ದದ್ದು ಇದೇ.

ಇದು ಕಾಗದದ ಮೇಲಿನ ತರ್ಕವಲ್ಲ ಎಂದು ತೋರಿಸಿದ ಒಂದು ಸಣ್ಣ ಅಧ್ಯಯನವನ್ನು ನಾನು ದೊಡ್ಡ ಅಧ್ಯಯನಕ್ಕಿಂತ ಹೆಚ್ಚು ಗೌರವಿಸುತ್ತೇನೆ. 119 ರೋಗಿಗಳಲ್ಲಿ ಒಂದು ಗುಂಪಿಗೆ ಪಿಡಿ-ಎಲ್1ಗೆ ಅಂಟುವ ಅಟೆಝೊಲಿಝುಮಾಬ್ ಒಂದನ್ನೇ, ಇನ್ನೊಂದು ಗುಂಪಿಗೆ ಬೆವಾಸಿಝುಮಾಬ್ ಸೇರಿಸಿ ಕೊಟ್ಟರು. ಒಂಟಿಯಾಗಿ ಕೊಟ್ಟಾಗ ರೋಗ ಮತ್ತೆ ಬೆಳೆಯಲು ಹಿಡಿದ ಕಾಲದ ಮಧ್ಯಾಂಕ 3.4 ತಿಂಗಳು, ಜೋಡಿಯಲ್ಲಿ 5.6 ತಿಂಗಳು. ಒಂದು ಔಷಧ ಇನ್ನೊಂದಕ್ಕೆ ಏನು ಮಾಡಿಕೊಟ್ಟಿತು ಎಂಬುದನ್ನು ನೇರವಾಗಿ ಕೇಳಿದ ಅಧ್ಯಯನ ಅದು. ಜೋಡಿ ಚಿಕಿತ್ಸೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂದು ನಾನು ತಿಳಿದಿದ್ದೇನೆ.

ಆಮೇಲೆ ಬಂದದ್ದು ‘ಐಎಂಬ್ರೇವ್150’. 501 ರೋಗಿಗಳು, ಮೂವರಲ್ಲಿ ಇಬ್ಬರಿಗೆ ಈ ಎರಡು ಪ್ರತಿಕಾಯಗಳ ಜೋಡಿ, ಒಬ್ಬರಿಗೆ ಸೊರಾಫೆನಿಬ್. ಎರಡನ್ನೂ ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುತ್ತಾರೆ. 2020ರ ಮೇ ತಿಂಗಳಲ್ಲಿ, ಜಗತ್ತೆಲ್ಲ ಕೊರೊನಾದಿಂದ ಬಾಗಿಲು ಹಾಕಿಕೊಂಡಿದ್ದಾಗ, ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಜೋಡಿ ಪಡೆದವರಲ್ಲಿ ಶೇ. 67.2 ಜನ, ಸೊರಾಫೆನಿಬ್ ಪಡೆದವರಲ್ಲಿ ಶೇ. 54.6 ಜನ ಬದುಕಿದ್ದರು. ಸಾವಿನ ಅಪಾಯ ಶೇ. 42ರಷ್ಟು ತಗ್ಗಿತ್ತು. ನಂತರದ ವಿಶ್ಲೇಷಣೆಯಲ್ಲಿ ಆಯುಷ್ಯದ ಮಧ್ಯಾಂಕ 19.2 ತಿಂಗಳು, ಎದುರಿಗೆ 13.4 ತಿಂಗಳು. ಹತ್ತು ವರ್ಷದ ಬರದ ಮೇಲೆ ಬಿದ್ದ ಮಳೆ ಅದು. ನನ್ನ ಮನಸ್ಸಿನಲ್ಲಿ ನಿಂತ ಅಂಕಿ ಮಾತ್ರ ಬೇರೆ. ತಮ್ಮ ಬದುಕಿನ ಗುಣಮಟ್ಟ ಕುಸಿಯಿತು ಎಂದು ರೋಗಿಗಳೇ ಹೇಳುವವರೆಗೆ ಸೊರಾಫೆನಿಬ್ ಗುಂಪಿನಲ್ಲಿ 3.6 ತಿಂಗಳು ಹಿಡಿದರೆ ಜೋಡಿಯ ಗುಂಪಿನಲ್ಲಿ 11.2 ತಿಂಗಳು ಹಿಡಿಯಿತು. ಅಂಗಾಲು ಅಂಗೈ ಸುಲಿದು ನಡೆಯಲಾಗದೆ, ಭೇದಿಯಿಂದ ಸೋತು, ಮಾತ್ರೆ ಬಿಡಿಸಿ ಎಂದು ಬೇಡಿಕೊಂಡವರನ್ನು ಕಂಡವನಿಗೆ ಆ ಏಳೂವರೆ ತಿಂಗಳ ಅಂತರದ ಅರ್ಥ ಬೇರೆಯವರು ಹೇಳಬೇಕಾಗಿಲ್ಲ.

ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಹತ್ತರಲ್ಲಿ ಮೂವರಿಗೆ. ಪೂರ್ತಿ ಮಾಯವಾದದ್ದು ನೂರರಲ್ಲಿ ಎಂಟು ಜನರಿಗೆ. ಸುಮಾರು ಐವರಲ್ಲಿ ಒಬ್ಬರ ಗಡ್ಡೆ ಮೊದಲ ಸ್ಕ್ಯಾನಿಗೇ ಬೆಳೆದಿತ್ತು. ಯಾರಿಗೆ ಫಲಿಸುತ್ತದೆ ಎಂದು ಮೊದಲೇ ಹೇಳಿಬಿಡುವ ರಕ್ತಪರೀಕ್ಷೆ ಇವತ್ತಿಗೂ ನಮ್ಮ ಕೈಯಲ್ಲಿಲ್ಲ. ಜೊತೆಗೆ ಸಿರೋಸಿಸ್ ಇದ್ದವರ ಅನ್ನನಾಳದ ಕೆಳತುದಿಯಲ್ಲಿ ರಕ್ತನಾಳಗಳು ಉಬ್ಬಿ ಬಳ್ಳಿಗಳಂತೆ ನಿಂತಿರುತ್ತವೆ. ಬೆವಾಸಿಝುಮಾಬ್ ಗಾಯ ಮಾಯುವುದನ್ನು ನಿಧಾನಿಸುತ್ತದೆ, ರಕ್ತಸ್ರಾವಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ಈ ಅಧ್ಯಯನಕ್ಕೆ ಸೇರುವ ಮೊದಲಿನ ಆರು ತಿಂಗಳೊಳಗೆ ಎಲ್ಲರಿಗೂ ಎಂಡೋಸ್ಕೋಪಿ ಮಾಡಿಸಿ, ಉಬ್ಬಿದ ನಾಳಗಳಿಗೆ ಚಿಕಿತ್ಸೆ ಮಾಡಿದ್ದರು. ಅಷ್ಟು ಎಚ್ಚರ ವಹಿಸಿದರೂ ಜಠರ, ಅನ್ನನಾಳಗಳ ರಕ್ತಸ್ರಾವ ಜೋಡಿಯ ಗುಂಪಿನಲ್ಲಿ ಶೇ. 7, ಸೊರಾಫೆನಿಬ್ ಗುಂಪಿನಲ್ಲಿ ಶೇ. 4.5 ಇತ್ತು. ಕಿರಿಯ ವೈದ್ಯರು ಇಲ್ಲಿದ್ದೀರಿ, ನಿಮಗೆ ಕೈಮುಗಿದು ಹೇಳುತ್ತೇನೆ: ಎಂಡೋಸ್ಕೋಪಿಯಿಲ್ಲದೆ ಮೊದಲ ಡ್ರಿಪ್ ಹಾಕಬೇಡಿ. ರೋಗಿ ದೂರದ ಊರಿನವರು, ಇನ್ನೊಂದು ದಿನ ಬರಲಾಗದು ಎಂದು ಅವಸರ ಮಾಡಿದಾಗ ಅವರ ಮೇಲಿನ ಕರುಣೆಯೇ ಅವರಿಗೆ ಮುಳುವಾಗುತ್ತದೆ.

ಈ ಗೆಲುವಿನ ನಂತರ ಎಲ್ಲರಿಗೂ ಒಂದು ಆಸೆ ಹುಟ್ಟಿತು. ಬೆವಾಸಿಝುಮಾಬ್ ವಿಇಜಿಎಫ್ ಒಂದನ್ನೇ ಹಿಡಿಯುತ್ತದೆ. ಮಾತ್ರೆಗಳಾದ ಲೆನ್ವಾಟಿನಿಬ್, ಕಾಬೊಝಾಂಟಿನಿಬ್ ಅದೇ ದಾರಿಯ ಜೊತೆಗೆ ಇನ್ನೂ ನಾಲ್ಕಾರು ದಾರಿಗಳನ್ನು ಮುಚ್ಚುತ್ತವೆ. ಹಾಗಾದರೆ ಪ್ರತಿಕಾಯದ ಜೊತೆ ಮಾತ್ರೆ ಕೊಟ್ಟರೆ ಇನ್ನೂ ಮೇಲಲ್ಲವೇ? ಲೆನ್ವಾಟಿನಿಬ್ ಜೊತೆ ಬ್ರೇಕು ತೆಗೆಯುವ ಪೆಂಬ್ರೊಲಿಝುಮಾಬ್ ಸೇರಿಸಿ 794 ರೋಗಿಗಳಲ್ಲಿ ನೋಡಿದರು: 21.2 ತಿಂಗಳು, ಎದುರಿಗೆ ಲೆನ್ವಾಟಿನಿಬ್ ಒಂದೇ ಪಡೆದವರಲ್ಲಿ 19.0 ತಿಂಗಳು. ಮೊದಲೇ ಗೊತ್ತುಮಾಡಿದ್ದ ಗೆರೆಯನ್ನು ದಾಟಲಿಲ್ಲ. ಕಾಬೊಝಾಂಟಿನಿಬ್ ಜೊತೆ ಅಟೆಝೊಲಿಝುಮಾಬ್ ಸೇರಿಸಿದಾಗ ರೋಗ ತುಸು ಕಾಲ ತಡೆಯಿತು, ಆಯುಷ್ಯ ಮಾತ್ರ 15.4 ತಿಂಗಳು, ಸೊರಾಫೆನಿಬ್ಬಿನಲ್ಲಿ 15.5. ಏನೂ ವ್ಯತ್ಯಾಸವಿಲ್ಲ.

‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’ ಎಂಬ ಗಾದೆ ನಮ್ಮಲ್ಲಿದೆ. ಎರಡೂ ಬಲಶಾಲಿ ಪ್ರಾಣಿಗಳೇ. ಒಂದೊಂದನ್ನೂ ಬೇರೆಯಾಗಿ ನೋಡಿದರೆ ತಪ್ಪಿಲ್ಲ. ಒಂದೇ ನೊಗಕ್ಕೆ ಕಟ್ಟಿದಾಗ ಎಳೆತ ಬೇರೆಯಾಗುತ್ತದೆ. ಹಲವು ದಾರಿ ಮುಚ್ಚುವ ಮಾತ್ರೆ ದಿನವೂ ಲಿವರಿನ ಮೂಲಕವೇ ಹಾದುಹೋಗುತ್ತದೆ, ದೇಹ ಸುಸ್ತಾಗುತ್ತದೆ, ಪ್ರಮಾಣ ಇಳಿಸಬೇಕಾಗುತ್ತದೆ, ನಡುವೆ ನಿಲ್ಲಿಸಬೇಕಾಗುತ್ತದೆ. ಪ್ರತಿಕಾಯಕ್ಕೆ ಬೇಕಾದ ಸಾವಧಾನದ ಕಾಲವನ್ನು ಅದು ಕಸಿಯುತ್ತದೆ ಎಂಬುದು ನನ್ನ ತಿಳಿವಳಿಕೆ. ಒಂದು ಮಾತನ್ನು ನ್ಯಾಯಕ್ಕಾಗಿ ಸೇರಿಸಬೇಕು. ಲೆನ್ವಾಟಿನಿಬ್ ಒಂದೇ ಪಡೆದವರು ಈ ಸಲ 19 ತಿಂಗಳು ಬದುಕಿದರು. 2018ರಲ್ಲಿ ಅದೇ ಮಾತ್ರೆ 13.6 ತಿಂಗಳು ಕೊಟ್ಟಿತ್ತು. ಮಾತ್ರೆ ಬದಲಾಗಿಲ್ಲ. ಅದು ಸೋತ ಮೇಲೆ ಕೊಡಲು ನಮ್ಮ ಬಳಿ ಬೇರೆ ಔಷಧಗಳಿವೆ, ನಾವೂ ಅದನ್ನು ಬಳಸಲು ಕಲಿತಿದ್ದೇವೆ. ಜೋಡಿ ಸೋತದ್ದರಲ್ಲಿ ಒಂಟಿ ಔಷಧ ಬಲಿತದ್ದರ ಪಾಲೂ ಇದೆ.

ಮಾತ್ರೆ ಮತ್ತು ಪ್ರತಿಕಾಯದ ನೊಗ ಯಾವತ್ತೂ ಸರಿಹೋಗದು ಎನ್ನುವಂತಿಲ್ಲ. ಚೀನಾದಲ್ಲಿ ಹುಟ್ಟಿದ ಕ್ಯಾಮ್ರೆಲಿಝುಮಾಬ್ ಎಂಬ ಪ್ರತಿಕಾಯ ಮತ್ತು ರಿವೊಸೆರಾನಿಬ್ ಎಂಬ ಮಾತ್ರೆಯ ಜೋಡಿ 543 ರೋಗಿಗಳಲ್ಲಿ 22.1 ತಿಂಗಳು ಕೊಟ್ಟಿತು, ಎದುರಿಗೆ ಸೊರಾಫೆನಿಬ್ 15.2. ಈ ಮಾತ್ರೆ ವಿಇಜಿಎಫ್ ದಾರಿಯೊಂದಕ್ಕೇ ಹೆಚ್ಚು ಬದ್ಧವಾದದ್ದು. ಇದರಲ್ಲಿ ಒಂದು ಚಿಕ್ಕ ಸೊಗಸಾದ ಸಂಗತಿಯಿದೆ. ಕ್ಯಾಮ್ರೆಲಿಝುಮಾಬ್ ಒಂದನ್ನೇ ಕೊಟ್ಟರೆ ಬಹಳ ರೋಗಿಗಳ ಚರ್ಮದ ಮೇಲೆ ಕೆಂಪು ರಕ್ತನಾಳದ ಗುಳ್ಳೆಗಳು ಏಳುತ್ತವೆ. ಮಾತ್ರೆ ಸೇರಿದಾಗ ಅವು ಎಷ್ಟೋ ಕಡಿಮೆಯಾಗುತ್ತವೆ. ಒಂದರ ಕೆಡುಕನ್ನು ಇನ್ನೊಂದು ತಡೆಯುವುದು ಕಣ್ಣಿಗೇ ಕಾಣುತ್ತದೆ.

ಎರಡು ಬ್ರೇಕುಗಳನ್ನೂ ಒಟ್ಟಿಗೆ ತೆಗೆಯುವ ಇನ್ನೊಂದು ಬಗೆಯ ಜೋಡಿಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಟ್ರೆಮೆಲಿಮುಮಾಬ್ ಎಂಬ ಪ್ರತಿಕಾಯ ಒಂದೇ ಒಂದು ಸಲ, ಆಮೇಲೆ ಡುರ್ವಾಲುಮಾಬ್ ಎಂಬುದು ನಾಲ್ಕು ವಾರಕ್ಕೊಮ್ಮೆ. ‘ಹಿಮಾಲಯ’ ಎಂಬ ನಮ್ಮ ಹೆಸರಿನ ಈ ಅಧ್ಯಯನದಲ್ಲಿ ಮಧ್ಯಾಂಕ 16.4 ತಿಂಗಳು ಮಾತ್ರ, ಸೊರಾಫೆನಿಬ್ಬಿಗೆ 13.8. ಆದರೆ ಐದು ವರ್ಷದ ಕೊನೆಗೆ ನೋಡಿದಾಗ ನೂರರಲ್ಲಿ 19.6 ಜನ ಉಳಿದಿದ್ದರು, ಸೊರಾಫೆನಿಬ್ ಗುಂಪಿನಲ್ಲಿ 9.4. ಮುಂದುವರಿದ ಲಿವರ್ ಕ್ಯಾನ್ಸರಿನಲ್ಲಿ ಐದು ವರ್ಷ ಎಂಬ ಮಾತನ್ನು ನನ್ನ ಗುರುಗಳ ಕಾಲದಲ್ಲಿ ಯಾರೂ ಆಡುತ್ತಿರಲಿಲ್ಲ. ಅನ್ನನಾಳದ ನಾಳಗಳು ಉಬ್ಬಿ ಬೆವಾಸಿಝುಮಾಬ್ ಕೊಡಲಾಗದವರಿಗೆ ಇದು ನಮ್ಮ ದಾರಿ. ರೋಗನಿರೋಧಕ ಕೋಶಗಳು ಲಿವರಿನ ಮೇಲೆ, ಕರುಳಿನ ಮೇಲೆ, ಥೈರಾಯ್ಡಿನ ಮೇಲೆ ತಿರುಗಿಬೀಳುವ ಭಯ ಇಲ್ಲಿ ಹೆಚ್ಚು, ಕಾವಲು ಬಿಗಿಯಾಗಿರಬೇಕು.

ಈಗ ಮೇಷ್ಟ್ರ ಚೀಟಿಗೆ ಮರಳುತ್ತೇನೆ. ಪೇಟೆಂಟ್ ಹೊಂದಿದ್ದ ಕಂಪನಿ ಭಾರತದಲ್ಲಿ ಸೊರಾಫೆನಿಬ್ಬಿಗೆ ತಿಂಗಳಿಗೆ 2,80,428 ರೂಪಾಯಿ ಬೆಲೆ ಇಟ್ಟಿತ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರಾಗಿದ್ದ ಪಿ.ಎಚ್. ಕುರಿಯನ್ ಪೇಟೆಂಟ್ ಕಾಯ್ದೆಯ 84ನೇ ಕಲಮಿನ ಅಡಿಯಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ, ಪೇಟೆಂಟ್ ಇದ್ದರೂ ಆ ಮಾತ್ರೆ ತಯಾರಿಸಿ ಮಾರುವ ಕಡ್ಡಾಯ ಪರವಾನಗಿ ಕೊಟ್ಟರು. ತಿಂಗಳ 120 ಮಾತ್ರೆಗೆ 8,800 ರೂಪಾಯಿ ಮೀರಬಾರದು, ಶೇ. 6 ರಾಯಲ್ಟಿ ಕೊಡಬೇಕು. ದೇಶದ ಮೊಟ್ಟಮೊದಲ ಕಡ್ಡಾಯ ಪರವಾನಗಿ ಒಂದು ಲಿವರ್ ಕ್ಯಾನ್ಸರಿನ ಮಾತ್ರೆಗೆ ಸಿಕ್ಕಿತು ಎಂಬುದನ್ನು ನಾವು ಮರೆಯಬಾರದು. ಆ ಆದೇಶ ಬಂದ ದಿನ ನಾನು ಮೊದಲು ನೆನೆದದ್ದು ಮಡಚಿದ ಆ ಚೀಟಿಯನ್ನು. ಎರಡು ವರ್ಷ ತಡವಾಗಿತ್ತು.

ಮಾತ್ರೆಗೆ ಆದದ್ದು ಪ್ರತಿಕಾಯಕ್ಕೆ ಅಷ್ಟು ಸುಲಭದಲ್ಲಿ ಆಗುವುದಿಲ್ಲ. ಸೊರಾಫೆನಿಬ್ ಸಣ್ಣ ಅಣು, ರಸಾಯನಶಾಸ್ತ್ರ ಬಲ್ಲವರು ಅದನ್ನು ತದ್ರೂಪವಾಗಿ ಕಟ್ಟಬಲ್ಲರು. ಬೆವಾಸಿಝುಮಾಬ್ ಅದಕ್ಕಿಂತ ಮುನ್ನೂರು ಪಟ್ಟು ಭಾರದ ಪ್ರೋಟೀನು. ಅದನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ದೊಡ್ಡ ಹಂಡೆಗಳೊಳಗೆ ಬೆಳೆಸಿ ತೆಗೆಯಬೇಕು. ಹೆಪ್ಪು ಹಾಕಿದ ಹಾಲು ಮನೆಯಿಂದ ಮನೆಗೆ ಬೇರೆ ಮೊಸರಾಗುವಂತೆ ಇದೂ ತಯಾರಾಗುವ ಪರಿಸರಕ್ಕೆ ಸೂಕ್ಷ್ಮ. ಆದ್ದರಿಂದ ಇದರ ನಕಲನ್ನು ತದ್ರೂಪ ಎನ್ನದೆ ಬಯೋಸಿಮಿಲರ್ ಎನ್ನುತ್ತಾರೆ. 2017ರ ನವೆಂಬರಿನಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಬೆವಾಸಿಝುಮಾಬನ್ನು ಭಾರತದ ಮಾರುಕಟ್ಟೆಗೆ ತಂದಿತು. ಹೀಗೆ ನೊಗದ ಒಂದು ಎತ್ತು ನಮ್ಮ ಹಟ್ಟಿಯಲ್ಲೇ ಇದೆ. ಬ್ರೇಕು ತೆಗೆಯುವ ಇನ್ನೊಂದು ಎತ್ತು ಮಾತ್ರ ಬಡ, ಮಧ್ಯಮ ವರ್ಗದವರ ಕೈಗೆ ಎಟುಕದ ಬೆಲೆಯಲ್ಲಿ ನಿಂತಿದೆ. ಚೀನಾದವರು ಬ್ರೇಕು ತೆಗೆಯುವ ತಮ್ಮದೇ ಸಿಂಟಿಲಿಮಾಬ್, ತಮ್ಮದೇ ಬೆವಾಸಿಝುಮಾಬ್ ಬಯೋಸಿಮಿಲರ್ ಸೇರಿಸಿ 571 ರೋಗಿಗಳಲ್ಲಿ, ಬಹುಪಾಲು ಹೆಪಟೈಟಿಸ್ ಬಿ ಇದ್ದವರಲ್ಲೇ, ಸೊರಾಫೆನಿಬ್ಬಿಗಿಂತ ಮೇಲೆಂದು ಸಾಬೀತು ಮಾಡಿದರು. ಆ ಕೆಲಸ ನಮ್ಮಿಂದ ಯಾಕಾಗಬಾರದು ಎಂದು ನಾನು ಗಂಭೀರವಾಗಿ ಕೇಳುತ್ತೇನೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ 240 ಮಿಲಿಗ್ರಾಂ ಕೊಡುವ ರೂಢಿಯಿರುವ ನಿವೊಲುಮಾಬನ್ನು ಬರೀ 20 ಮಿಲಿಗ್ರಾಂ ಕೊಟ್ಟು, ಅಗ್ಗದ ಮಾತ್ರೆಗಳ ಜೊತೆ ಸೇರಿಸಿ, ಒಂದು ವರ್ಷ ಬದುಕುವವರ ಪ್ರಮಾಣವನ್ನು ಶೇ. 16.3ರಿಂದ 43.4ಕ್ಕೆ ಏರಿಸಿದರು. ಅದು ಬೇರೆ ಅಂಗ, ಬೇರೆ ಕಾಯಿಲೆ; ಲಿವರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಆದರೆ ಪ್ರಶ್ನೆ ಕೇಳುವ ಧೈರ್ಯ ಎಲ್ಲಿದೆ ಎಂಬುದನ್ನು ಅದು ತೋರಿಸಿದೆ.

ಜೋಡಿಯ ಮಾತು ಕಾಯಿಲೆಯ ಹುಟ್ಟಿನಲ್ಲೂ ಇದೆ. ಮಳೆಗೆ ಸಿಕ್ಕಿ ಸರಿಯಾಗಿ ಒಣಗದ ಶೇಂಗಾ, ಮೆಕ್ಕೆಜೋಳಗಳಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನ ಕಾಯಿಲೆ ಬಿದ್ದರು, 106 ಜನ ಸತ್ತರು. ಅದು ಒಮ್ಮೆಗೇ ಹೆಚ್ಚು ತಿಂದದ್ದರ ಫಲ. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಎಂಬುದನ್ನು ಶಾಂಘೈಯ ಹದಿನೆಂಟು ಸಾವಿರ ಗಂಡಸರ ಅಧ್ಯಯನ ತೋರಿಸಿತು. ಅಫ್ಲಾಟಾಕ್ಸಿನ್ ಒಂದರಿಂದ ಲಿವರ್ ಕ್ಯಾನ್ಸರಿನ ಅಪಾಯ 3.4 ಪಟ್ಟು, ಹೆಪಟೈಟಿಸ್ ಬಿ ಒಂದರಿಂದ 7.3 ಪಟ್ಟು, ಎರಡೂ ಸೇರಿದಾಗ 59.4 ಪಟ್ಟು. ರೋಗಕ್ಕೆ ಸರಿಯಾದ ಜೋಡಿ ಕಟ್ಟುವುದು ನಮಗಿಂತ ಮೊದಲೇ ಗೊತ್ತಿತ್ತು. ಇದರಲ್ಲಿ ವೈರಸ್ಸಿಗೆ ಲಸಿಕೆಯಿದೆ. ತೈವಾನ್ 1984ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಶಿಶುಗಳಿಗೆ ಕೊಡಲು ತೊಡಗಿ ಹತ್ತು ವರ್ಷದಲ್ಲಿ ಮಕ್ಕಳ ಲಿವರ್ ಕ್ಯಾನ್ಸರನ್ನು ಸುಮಾರು ಅರ್ಧಕ್ಕೆ ಇಳಿಸಿತು. ನಮ್ಮಲ್ಲೂ ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಕೊಡಬೇಕೆಂಬ ನಿಯಮವಿದೆ.

ಮೇಷ್ಟ್ರ ಜೊತೆ ಬಂದಿದ್ದ ತಮ್ಮನ ರಕ್ತವನ್ನೂ ಅವತ್ತೇ ಪರೀಕ್ಷೆಗೆ ಕಳಿಸಿದ್ದೆ. ಒಂದೇ ತಾಯಿಯ ಮಕ್ಕಳಲ್ಲಿ ವೈರಸ್ಸು ಹಲವರಿಗೆ ದಾಟಿರುವುದುಂಟು. ಅವರಲ್ಲೂ ಇತ್ತು. ಅಣ್ಣನ ತಿಥಿ ಮುಗಿಸಿ ಬಂದವರು ವೈರಸ್ಸನ್ನು ಅದುಮಿಡುವ ಟೆನೊಫೊವಿರ್ ಮಾತ್ರೆಯನ್ನು ದಿನಕ್ಕೊಂದರಂತೆ ಶುರುಮಾಡಿದರು. 2018ರ ಜುಲೈನಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದ ನಂತರ ಆ ಮಾತ್ರೆ ಅವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತಿದೆ. ಆರು ತಿಂಗಳಿಗೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಹೊರಟು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಅಲ್ಟ್ರಾಸೌಂಡ್ ಮಾಡಿಸುತ್ತಾರೆ, ಗಡ್ಡೆಯ ಸುಳಿವು ಕೊಡುವ ಆಲ್ಫಾ ಫೀಟೊಪ್ರೋಟೀನ್ ಪರೀಕ್ಷೆಗೆ ರಕ್ತ ಕೊಡುತ್ತಾರೆ. ಹೋದ ವೈಶಾಖದಲ್ಲಿ ಬಂದಾಗ ಲಿವರಿನಲ್ಲಿ ಗಂಟೇನೂ ಇರಲಿಲ್ಲ. ಶೇಂಗಾ ಕಿತ್ತು, ಒಣಗಿಸಿ, ಚೀಲಕ್ಕೆ ತುಂಬಿದ ಮೇಲೆ ಕಾರ್ತಿಕದಲ್ಲಿ ಮತ್ತೆ ಬರುತ್ತೇನೆ ಎಂದಿದ್ದಾರೆ.